ಶರತ್ಕಾಲದಲ್ಲಿ ದನದ ಮನೆಯ ಕೆಲಸಗಳು

ಮುಂಗಾರಿನ ಅಬ್ಬರವು ತಗ್ಗಿ, ಉತ್ತರೆಯ ಮಳೆಯು ಕಳೆದು, ಆಕಾಶವು ತಿಳಿಯಾಗುತ್ತ ಬರುವ ಆಶ್ವಯುಜ ಕಾರ್ತಿಕ ಮಾಸಗಳು ನಮ್ಮ ರೈತರಿಗೆ ಸಂತೋಷಕರವಾದ ಕಾಲವೆಂಬುದು ಸರ್ವರಿಗೂ ತಿಳಿದ ವಿಷಯವಾಗಿದೆ. ಕೆರೆಕಟ್ಟೆಗಳಲ್ಲಿ ನೀರು ನಿಂತಿರುತ್ತದೆ. ಬದುಗಳ ಮೇಲೆಯೂ ಗೋಮಾಳಗಳಲ್ಲಿಯೂ ಹುಲ್ಲು ಮೊಳಕಾಲುದ್ದ ಬೆಳೆದಿರುತ್ತದೆ. ರಾಗಿಯು ತೆನೆಗಟ್ಟುತ್ತಿರುತ್ತದೆ. ರಾಸುಗಳು ಮೈತುಂಬಿಕೊಂಡು ನುಣುಪಾಗಿ ಕಾಣುತ್ತವೆ; ಹಸುಗಳು ಕೆಚ್ಚಲಿಳಿಸುತ್ತವೆ. ಇಂತಹ ಸಮೃದ್ಧಿಯನ್ನು ಕಂಡ ರೈತನು ದನಗಳ ವಿಷಯದಲ್ಲಿ ತಾನು ಮಾಡಬೇಕಾದ ಕೆಲಸವೇನೂ ಇಲ್ಲವೆಂದು ಭಾವಿಸಿ, ತನ್ನ ಲಕ್ಷ್ಯವನ್ನೆಲ್ಲ ಹೊಲದ ಕಡೆಗೆ ತಿರುಗಿಸುವುದು ಸ್ವಾಭಾವಿಕವೇ ಆಗಿದೆ.

ಆದರೆ ಇದೇ ರಾಸುಗಳನ್ನು ಫಾಲ್ಗುಣ ಚೈತ್ರಗಳಲ್ಲಿ ನೋಡಿದಲ್ಲಿ ಪಕ್ಕೆಲುಬುಗಳನ್ನು ಎಣಿಸಬಹುದಾದಂತಿರುತ್ತವೆ. ಮುಂಗಾರು ಬಿದ್ದು ನೇಗಿಲು ಕಟ್ಟಬೇಕಾದ ದಿನ ಎತ್ತುಗಳಿಗೆ ನೊಗವನ್ನು ಹೊರುವ ಶಕ್ತಿಯಿರುವುದಿಲ್ಲ. ಮೇವಿಲ್ಲದೆ ಅರ್ಧ ಬೆಲೆಗೆ ದನವನ್ನು ಮಾರಿದವನು ಉಳುಮೆಯ ಕಾಲದಲ್ಲಿ ಸಾಲಮಾಡಿ ಬೇರೊಂದನ್ನು ಕೊಳ್ಳಬೇಕಾಗುತ್ತದೆ. ಹಸಿವಿನಿಂದ ದನವು ಕೃಶವಾಗುವುದು ಬೇಸಗೆಯಲ್ಲಿಯೇ ಆದರೂ, ಅದರ ಕಾರಣವು ಕಾರ್ತಿಕ ಮಾಸದ ಅಲಕ್ಷ್ಯದಲ್ಲಿ ಅಡಗಿರುತ್ತದೆ. ಆದುದರಿಂದ ಈ ಎರಡು ತಿಂಗಳುಗಳಲ್ಲಿ ದನಕರುಗಳುಳ್ಳ ಪ್ರತಿಯೊಂದು ಸಂಸಾರವೂ ಕೈಕೊಳ್ಳಬೇಕಾದ ಕೆಲಸಗಳನ್ನು ಗ್ರಾಮಗಳ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಹಿಂದಿನವರ ಮುಂದಾಲೋಚನೆ:— ಸಮೃದ್ಧಿಯಲ್ಲಿ ಬರವನ್ನು ನೆನೆಯುವುದು ನಮ್ಮ ನಾಡಿಗೆ ಹೊಸದಲ್ಲ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಪ್ರಸಿದ್ಧವಾಗಿ, ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಗೋಶಾಲೆಯ ದನಗಳಿಗೆ ಬೇರೆ ಬೇರೆ ಕಾವಲುಗಳು ಗೊತ್ತಾಗಿದ್ದುವು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಅವುಗಳನ್ನು ವಿಂಗಡಿಸಿ, ನೀರೂ ನೆರಳೂ ಉಳ್ಳ ಕಾವಲುಗಳನ್ನು ಬೇಸಗೆಗಾಗಿ ಕಾದಿರಿಸುತ್ತಿದ್ದರು. ಹುಲ್ಲು ಇದೆಯೆಂದು ಎಲ್ಲ ಕಡೆಗೂ ಒಂದೇ ಸಲ ದನಗಳನ್ನು ಬಿಡುತ್ತಿರಲಿಲ್ಲ. ಒಂದು ಸಂಸಾರವು ತನ್ನ ಬದುಗಳಲ್ಲಿಯೂ, ಒಂದು ಗ್ರಾಮವು ತನ್ನ ಗೋಮಾಳದಲ್ಲಿಯೂ ಇದೇ ನಿಯಮವನ್ನು ಸಣ್ಣ ಪ್ರಮಾಣದಲ್ಲಿ ಅನುಸರಿಸಬಹುದಾಗಿದೆ. ಗೋಮಾಳದ ಮೂರನೆಯ ಒಂದು ಭಾಗಕ್ಕೆ ಹಸ್ತದ ಮಳೆಯಿಂದ ಮೊದಲುಗೊಂಡು ದನಗಳನ್ನು ಬಿಡದೆ ಕಾದಲ್ಲಿ, ಆ ಭಾಗದ ಹುಲ್ಲು ಕೊಯ್ಲಿಗೆ ದೊರೆಯುವುದಲ್ಲದೆ ಬೀಜವುದುರಿ ಮುಂದಿನ ವರ್ಷಕ್ಕೂ ಹುಲ್ಲು ಸಮೃದ್ಧಿಯಾಗುತ್ತದೆ. ಮುಂದಾಲೋಚನೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಬರವೇ ಸಾಕ್ಷಿ. ಆಗ ಜನರೊಡನೆ ದನಕರುಗಳೂ ಅಸಂಖ್ಯಾತವಾಗಿ ನಷ್ಟವಾಗಿ, ಮಳೆಯು ಬಂದ ಮೇಲೂ ಉಳುವುದಕ್ಕೆ ಎತ್ತುಗಳಿಲ್ಲದೆ ರೈತರು ಕಷ್ಟಪಟ್ಟರು.

ಮೇವಿನ ಲೆಕ್ಕ:— ದವಸವನ್ನು ಅಳೆದು ಹಗೇವಿಗೆ ಹಾಕುವ ರೈತನು ಹುಲ್ಲನ್ನು ಅಳೆಯುವ ಅಭ್ಯಾಸವನ್ನಿಟ್ಟುಕೊಂಡಿಲ್ಲ. ಇದು ದೊಡ್ಡ ಕೊರತೆ. ಸುಮಾರು 350 ಕಿಲೋ ತೂಕದ ನಾಡ ಎತ್ತಿಗೆ ಅಥವಾ ಹಸುವಿಗೆ ದಿನಕ್ಕೆ ಎಂಟು ಒಂಬತ್ತು ಕಿಲೋಗಳಷ್ಟು ಒಣ ಅಂಶವುಳ್ಳ ಆಹಾರವು ಬೇಕು. ಇದರಲ್ಲಿ 6 ಕಿಲೋಗಳನ್ನು ಒಣಹುಲ್ಲಿನಿಂದಲೂ, ಉಳಿದುದನ್ನು ಹಸಿಮೇವು, ಹೊಟ್ಟು, ಹಿಂಡಿ, ಮೇಯಿಸುವಿಕೆ ಇವುಗಳಿಂದಲೂ ಒದಗಿಸಬೇಕೆಂದು ಇಟ್ಟುಕೊಳ್ಳೋಣ. ಡಿಸೆಂಬರ್ ಮೊದಲಿನಿಂದ ಮೇ ಕೊನೆಯ ವರೆಗೆ 180 ದಿನಗಳಿಗೆ ಒಂದು ರಾಸಿಗೆ 1,080 ಕಿಲೋ ಹುಲ್ಲು ಬೇಕಾಗುತ್ತದೆ. ಒಂದು ಜೊತೆ ಎತ್ತು, ಎರಡು ಹಸು, ಎರಡು ಕರುಗಳಿರುವ ಮನೆಯಲ್ಲಿ, ಎರಡು ಕರುಗಳನ್ನು ಒಂದು ದೊಡ್ಡ ರಾಸಿಗೆ ಸಮವೆಂದೆಣಿಸಿದಲ್ಲಿ, ಒಟ್ಟು 5,400 ಕಿಲೋ ಆಯಿತು. ತುಳಿದು ಹಾಳಾಗುವುದಕ್ಕೆ ಹತ್ತನೆಯ ಒಂದು ಪಾಲನ್ನು ಸೇರಿಸಿದರೆ ಸುಮಾರು 6 ಟನ್ನುಗಳು.

ತನ್ನ ಗಾಡಿಯ ಹೇರು ಹುಲ್ಲನ್ನು ಒಂದು ಸಲ ತೂಗಿಸಿ ನೋಡಿದ ರೈತನು, ಕಾಳು ಬಲಿಯುತ್ತಿರುವಾಗಲೇ ಹೊಲಗಳನ್ನು ಸುತ್ತಿ, ತನಗೆ ಎಷ್ಟು ಗಾಡಿ ಹುಲ್ಲು ಬರುವುದೆಂದು ಅಂದಾಜು ಮಾಡಬಲ್ಲನು. ಕಡಮೆಯಾಗುವಂತೆ ತೋರಿದರೆ ಅದನ್ನು ತುಂಬಿಸುವ ಉಪಾಯಗಳೆಲ್ಲವೂ ಈ ಕಾಲದಲ್ಲಿ ಅವನ ಕೈಯಲ್ಲಿಯೇ ಇರುತ್ತವೆ. ಬದುವಿನ ಹುಲ್ಲನ್ನು ಕೊಯ್ಯಬಹುದು, ಹಿಂಗಾರಿನಲ್ಲಿ ಹುರುಳಿಯನ್ನೋ ಮೇವಿನ ಜೋಳವನ್ನೋ ಬಿತ್ತಬಹುದು, ಇಲ್ಲವೆ ಸುಗ್ಗಿಯಲ್ಲಿ ಅಗ್ಗವಾಗಿರುವಾಗಲೇ ಹುಲ್ಲನ್ನು ಕೊಳ್ಳಬಹುದು. ಸುಗ್ಗಿಯಲ್ಲಿ ಮಾರಿದ ಹುಲ್ಲನ್ನೇ ಬೇಸಗೆಯಲ್ಲಿ ಹೆಚ್ಚು ಬೆಲೆ ಕೊಟ್ಟು ಹಿಂದಕ್ಕೆ ಕೊಳ್ಳುವ ಮನೆಗಳು ಪ್ರತಿ ಗ್ರಾಮದಲ್ಲಿಯೂ ಇರುತ್ತವೆ. ಲೆಕ್ಕವನ್ನು ಮಾಡದೆ ಒಂದು ಹೊರೆ ಹುಲ್ಲನ್ನೂ ಮಾರಬಾರದೆಂಬುದೇ ಇವರಿಗೆ ಹೇಳಬೇಕಾದ ಮಾತು.

ಹುಲ್ಲನ್ನು ಕೊಯ್ದು ಒಣಗಿಸುವುದು:— ಬದುಗಳ ಹುಲ್ಲನ್ನು ಅದು ಪೂರ್ತಿಯಾಗಿ ಬಲಿತು ಹಳದಿಯಾದ ಮೇಲೆ ಕೊಯ್ಯುವ ವಾಡಿಕೆಯು ಸರಿಯಾದುದಲ್ಲ. ಹುಲ್ಲು ಹೂಬಿಡುವ ಸಮಯದಲ್ಲಿ ಅದರ ಎಲೆ ಕಾಂಡಗಳಲ್ಲಿ ಸತ್ತ್ವವು ತುಂಬಿರುತ್ತದೆ. ಬೀಜಕಟ್ಟಿದ ಮೇಲೆ ಆ ಸತ್ತ್ವವು ಬೀಜಕ್ಕೆ ಹೋಗಿ, ಬೀಜವು ನೆಲಕ್ಕುದುರಿ, ನಮಗೆ ಉಳಿಯುವುದು ನಾರು ಮಾತ್ರ. ಇಬ್ಬನಿಯಾರಿದ ಮೇಲೆ ಕೊಯ್ದು, ತೆಳ್ಳಗೆ ಹರಡಿ, ದಿನಕ್ಕೆರಡು ಸಲ ಮಗುಚಿ, ಎರಡು ಮೂರು ದಿನ ಒಣಗಿಸಬೇಕು. ಕೈಯಲ್ಲಿ ತಿರುಚಿದರೆ ರಸವು ಕಾಣದೆ, ಬಣ್ಣವು ಇನ್ನೂ ತಿಳಿಹಸುರಾಗಿಯೇ ಇರುವುದು ಹದದ ಗುರುತು. ಹಸಿಯಿರುವಾಗಲೇ ಒಟ್ಟಿದರೆ ಒಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ. ಕೆಲವು ವೇಳೆ ಕಪ್ಪಾಗಿ ಸುಟ್ಟಂತಾಗುವುದೂ ಉಂಟು. ಬೂಷ್ಟು ಹಿಡಿದ ಮೇವು ಗಬ್ಬದ ಹಸುಗಳಿಗೆ ವಿಶೇಷವಾಗಿ ಹಾನಿಕರವಾದುದು.

ಚಿತ್ತೆ ಸ್ವಾತಿ ಮಳೆಗಳು ಯಾವಾಗ ಬೀಳುವುವೆಂದು ಹೇಳಲಾಗುವುದಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಅಕ್ಟೋಬರ್ ತಿಂಗಳು ಒಳ್ಳೆಯ ಮಳೆಯ ಕಾಲವೇ ಆಗಿರುವುದರಿಂದ, ಎಲ್ಲವನ್ನೂ ಒಂದೇ ದಿನ ಕೊಯ್ದು ಹಾಕದೆ, ಎರಡು ದಿನಗಳಲ್ಲಿ ಒಣಗಿಸಿ ಸಾಗಿಸಬಹುದಾದಷ್ಟನ್ನೇ ಕೊಯ್ಯುವುದು ಕ್ಷೇಮ. ಬಿದಿರಿನ ಮೂರು ಗಳುಗಳನ್ನು ನಿಲ್ಲಿಸಿ ಅಡ್ಡ ಕಡ್ಡಿಗಳನ್ನು ಕಟ್ಟಿ ಅದರ ಮೇಲೆ ಹುಲ್ಲನ್ನು ಹರವಿದಲ್ಲಿ ಕೆಳಗಿನಿಂದ ಗಾಳಿಯಾಡಿ ಬೇಗ ಒಣಗುವುದು.

ಬಣವೆ:— ಬಣವೆಯ ಕೆಳಗೆ ಕಲ್ಲು ಅಥವಾ ಮರದ ದಿಮ್ಮಿಗಳನ್ನು ಹಾಸಿ ನೆಲದಿಂದ ಒಂದಡಿ ಎತ್ತರಿಸಿದರೆ ಗೆದ್ದಲೂ ತೇವವೂ ತಟ್ಟುವುದಿಲ್ಲ. ನಡುವೆ ಎತ್ತರವಾಗಿಯೂ ಅಂಚುಗಳಲ್ಲಿ ಇಳಿಜಾರಾಗಿಯೂ ಒಟ್ಟಿ, ಮೇಲೆ ಸೋಗೆಯನ್ನಾಗಲಿ ಹುಲ್ಲಿನ ಹೊದಿಕೆಯನ್ನಾಗಲಿ ಹೊದಿಸಬೇಕು. ಮನೆಗೂ ಒಲೆಗೂ ವಿದ್ಯುತ್ತಿನ ತಂತಿಗಳಿಗೂ ದೂರವಾದ ಸ್ಥಳವನ್ನೇ ಆರಿಸಬೇಕು. ಇರುವ ಹುಲ್ಲನ್ನೆಲ್ಲ ಒಂದೇ ಬಣವೆಯಾಗಿ ಒಟ್ಟದೆ, ದೂರ ದೂರವಾಗಿ ಎರಡನ್ನು ಮಾಡಿದರೆ, ಬೆಂಕಿಯ ಅಪಾಯವುಂಟಾದಾಗಲೂ ಅರ್ಧವಾದರೂ ಉಳಿಯುವುದು.

ಯಂತ್ರದಿಂದ ಬತ್ತವನ್ನು ಕೊಯ್ಯುವ ಕಡೆಗಳಲ್ಲಿ ಹುಲ್ಲು ಗದ್ದೆಯಲ್ಲಿ ಚದುರಿಬೀಳುವುದರಿಂದ ಅದಕ್ಕೆ ಬೆಂಕಿಯಿಡುವ ಅಭ್ಯಾಸವು ಕೆಲವೆಡೆ ಬಂದಿದೆ. ಇದು ದನದ ಬಾಯಿಯ ತುತ್ತನ್ನೂ ಭೂಮಿಯ ಗೊಬ್ಬರವನ್ನೂ ಒಟ್ಟಿಗೆ ಸುಟ್ಟಂತೆ. ಹುಲ್ಲನ್ನು ಸುರುಳಿಕಟ್ಟುವ ಯಂತ್ರಗಳು ಈಗ ಬಾಡಿಗೆಗೆ ದೊರೆಯುವುದರಿಂದ ಅಂಥದನ್ನು ನಾಲ್ಕಾರು ಮಂದಿ ಸೇರಿ ತರಿಸಿಕೊಳ್ಳುವುದು ಲೇಸು.

ರಸಮೇವು:— ಮುಸುಕಿನ ಜೋಳವನ್ನೋ ಮೇವಿನ ಜೋಳವನ್ನೋ ಬೆಳೆದಿರುವವರು ಅದನ್ನು ಹಸಿಯಾಗಿಯೇ ಕೂಡಿಡಬಹುದು. ಕಾಳು ಹಾಲುಗಟ್ಟಿ ಗಟ್ಟಿಯಾಗುತ್ತಿರುವ ಸಮಯದಲ್ಲಿ ಕೊಯ್ದು, ಒಂದಂಗುಲಕ್ಕಿಂತ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಗುಂಡಿಯಲ್ಲಿ ಅರ್ಧ ಅರ್ಧ ಅಡಿಯ ಪದರಗಳಾಗಿ ಹಾಕಿ, ಗಾಳಿಯು ಒಳಗುಳಿಯದಂತೆ ಚೆನ್ನಾಗಿ ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಮೇಲೆ ಮಣ್ಣನ್ನು ಹೇರಬೇಕು. 45 ದಿನಗಳ ತರುವಾಯ ತೆಗೆದರೆ ಹಿತವಾದ ಹುಳಿವಾಸನೆಯುಳ್ಳ ಮೇವು ಸಿದ್ಧವಾಗಿರುವುದು. ಇದರ ಗುಟ್ಟೆಲ್ಲವೂ ಗಾಳಿಯನ್ನು ಹೊರಡಿಸುವುದರಲ್ಲಿದೆ. ಗಾಳಿಯಿದ್ದ ಕಡೆ ಮೇವು ಕೊಳೆಯುತ್ತದೆ. ಇಲ್ಲದ ಕಡೆ ಹುಳಿಯಾಗಿ ಕೆಡದೆ ನಿಲ್ಲುತ್ತದೆ.

ಎರಡೇ ಹಸುಗಳಿರುವವರಿಗೆ ಗುಂಡಿಯು ಅನುಕೂಲವಲ್ಲ. ದಿನವೂ ಸ್ವಲ್ಪ ಸ್ವಲ್ಪವೇ ತೆಗೆಯುವುದರಿಂದ ತೆರೆದ ಭಾಗವು ಕೆಡುತ್ತದೆ. ಅವರು 40-50 ಕಿಲೋ ಹಿಡಿಯುವ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಅದುಮಿ ಕಟ್ಟಿಡಬಹುದು. ಹಸುವೊಂದಕ್ಕೆ ದಿನಕ್ಕೆ 15 ಕಿಲೋ ಮೇರೆಗೆ 90 ದಿನಗಳಿಗೆ ಎರಡು ಹಸುಗಳಿಗೆ 2,700 ಕಿಲೋ, ಎಂದರೆ 45 ಕಿಲೋ ತೂಕದ 60 ಚೀಲಗಳು ಸಾಕಾಗುವುವು. ಚೀಲಕ್ಕೆ ಇಲಿಯು ತೂತುಮಾಡದಂತೆ ನೋಡಿಕೊಳ್ಳಬೇಕು.

ಒಣಹುಲ್ಲಿನ ಸತ್ತ್ವವನ್ನು ಹೆಚ್ಚಿಸುವುದು:— ಬತ್ತದ ಹುಲ್ಲು ಸಾರ ಕಡಮೆಯಾದುದು. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯವನ್ನು ಸುಮಾರು 50 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟಲ್ಲಿ ಹುಲ್ಲು ಮೆತ್ತಗಾಗಿ ಜೀರ್ಣವಾಗುವ ಅಂಶವು ಹೆಚ್ಚುತ್ತದೆ. ತಿನ್ನಿಸುವುದಕ್ಕೆ ಮೊದಲು ಘಾಟು ಹೋಗುವ ವರೆಗೆ ಹರಡಿ ಆರಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಲೇಬಾರದು. ಯೂರಿಯವನ್ನು ಕರಗಿಸಿದ ಪಾತ್ರೆಯನ್ನು ದನಗಳಿಗೆ ಎಟುಕುವಂತೆ ಇಡಬಾರದು. ಆ ನೀರನ್ನು ಕುಡಿದ ದನವು ಬದುಕುವುದು ದುರ್ಲಭ.

ಈ ಕಾಲದ ಮೇವಿನ ಅಪಾಯಗಳು:— ಎಳೆಯ ಜೋಳದ ಪೈರಿನಲ್ಲಿಯೂ, ಮಳೆಯಿಲ್ಲದೆ ಬಾಡಿದ ಪೈರಿನಲ್ಲಿಯೂ, ಕೊಯ್ದ ಮೇಲೆ ಬುಡದಿಂದ ಚಿಗುರಿದ ಕೂಳೆಯಲ್ಲಿಯೂ ಒಂದು ತೀವ್ರವಾದ ವಿಷವು ಉತ್ಪತ್ತಿಯಾಗುತ್ತದೆ. ಇದನ್ನು ಮೇಯ್ದ ದನವು ಏದುಸಿರುಬಿಟ್ಟು, ತೂರಾಡಿ ಬಿದ್ದು, ಕೆಲವೇ ನಿಮಿಷಗಳಲ್ಲಿ ಸತ್ತುಹೋಗಬಹುದು. ಯಾರೋ ಮಾಟ ಮಾಡಿದರೆಂದೋ ದೃಷ್ಟಿ ತಗಲಿತೆಂದೋ ಭಾವಿಸಿ ಕಾಲವನ್ನು ಕಳೆಯಬಾರದು. ವೈದ್ಯರಲ್ಲಿ ಇದಕ್ಕೆ ಚುಚ್ಚುಮದ್ದುಂಟು, ಆದರೆ ಅದನ್ನು ಕೂಡಲೇ ಕೊಡಬೇಕು. ಹೂಬಿಟ್ಟ ಮೇಲೆ ಕೊಯ್ದು ಒಣಗಿಸಿದ ಜೋಳದ ಸಪ್ಪೆಯಲ್ಲಿ ಈ ಭಯವು ಬಹಳ ಮಟ್ಟಿಗೆ ಕಡಮೆಯಾಗುತ್ತದೆ.

ಇಬ್ಬನಿಯಿಂದ ನೆನೆದ ಅವರೆ, ಅಲಸಂದೆ ಮುಂತಾದ ಹಸಿಬಳ್ಳಿಗಳನ್ನು ಹಸಿದ ದನಗಳು ಆತುರದಿಂದ ಮೇಯ್ದರೆ ಎಡಮಗ್ಗುಲು ಉಬ್ಬಿ ಉಸಿರುಕಟ್ಟುತ್ತದೆ. ಮುಂಜಾನೆ ಕೊಟ್ಟಿಗೆಯಲ್ಲಿಯೇ ಒಂದಿಷ್ಟು ಒಣಹುಲ್ಲನ್ನು ತಿನ್ನಿಸಿ, ಬಿಸಿಲೇರಿದ ಮೇಲೆ ಹೊರಕ್ಕೆ ಹೊಡೆಯುವುದೇ ಇದಕ್ಕೆ ತಡೆ. ನೀರು ಇಳಿಯುತ್ತಿರುವ ಕೆರೆಯಂಗಳದ ಹಸುರು ಕಣ್ಣಿಗೆ ಚೆಂದ. ಆದರೆ ಅಲ್ಲಿನ ಬಸವನಹುಳುಗಳಿಂದ ಹೊರಬಿದ್ದ ರೋಗಾಂಕುರಗಳು ಹುಲ್ಲಿಗೆ ಅಂಟಿಕೊಂಡಿದ್ದು, ದನದ ಹೊಟ್ಟೆಯನ್ನು ಸೇರಿ, ಯಕೃತ್ತಿನಲ್ಲಿ ಎಲೆಯಾಕಾರದ ಹುಳುಗಳಾಗಿ ಬೆಳೆಯುತ್ತವೆ. ದನವು ದಿನೇ ದಿನೇ ಬಡವಾಗಿ, ಗದ್ದದ ಕೆಳಗೆ ನೀರುತುಂಬಿದ ಬಾವು ಕಾಣಿಸಿಕೊಂಡರೆ ಇದೆಂದು ಸಂಶಯಿಸಿ, ಸಗಣಿಯನ್ನು ಪಶುವೈದ್ಯಶಾಲೆಯಲ್ಲಿ ಪರೀಕ್ಷೆ ಮಾಡಿಸಿ ಔಷಧವನ್ನು ಹಾಕಿಸಬೇಕು.

ಸಾಂಕ್ರಾಮಿಕ ರೋಗಗಳು:— ದೊಡ್ಡರೋಗವೆಂಬ ಮಾರಿಯು ಒಂದು ಕಾಲದಲ್ಲಿ ಹಳ್ಳಿ ಹಳ್ಳಿಯ ಕೊಟ್ಟಿಗೆಗಳನ್ನು ಬರಿದುಮಾಡುತ್ತಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಸೀರಂ ಸಂಸ್ಥೆಯು ಸ್ಥಾಪಿತವಾದುದು ಮುಖ್ಯವಾಗಿ ಇದರ ನಿವಾರಣೆಗಾಗಿಯೇ. 1954ರಿಂದ ದೇಶಾದ್ಯಂತ ಲಸಿಕೆಯ ಕಾರ್ಯವು ನಡೆದು, 2006ರಲ್ಲಿ ಭಾರತವೂ 2011ರಲ್ಲಿ ಪ್ರಪಂಚವೆಲ್ಲವೂ ಈ ರೋಗದಿಂದ ಮುಕ್ತವಾದುವೆಂದು ಸಾರಲಾಯಿತು. ಲಸಿಕೆಯನ್ನು ಹಾಕಿಸಿದರೆ ಹಾಲು ಬತ್ತುವುದು, ಗಬ್ಬ ಕರಗುವುದು ಎಂದು ಈಗಲೂ ಹಿಂಜರಿಯುವವರು ಈ ಸಂಗತಿಯನ್ನು ಆಲೋಚಿಸಬೇಕು. ಲಸಿಕೆಯ ಮರುದಿನ ಹಾಲು ತುಸು ಇಳಿದರೂ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ರೋಗವು ತಗಲಿದ ಹಸುವಾದರೋ ಎಷ್ಟೋ ವೇಳೆ ಆ ಸೂಲಿನ ಹಾಲನ್ನೆಲ್ಲ ಕಳೆದುಕೊಳ್ಳುವುದು.

ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆಯನ್ನು ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಇದನ್ನು ಉಚಿತವಾಗಿ ಹಾಕಲಾಗುತ್ತದೆ. ಕಂದುರೋಗಕ್ಕೆ ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಹಾಕಿಸಿದರೆ ಸಾಕು. ಗಳಲೆ ಮತ್ತು ಚಪ್ಪೆ ರೋಗಗಳಿಗೆ ಮುಂಗಾರಿಗೆ ಮೊದಲೇ ಹಾಕಿಸಿರಬೇಕಾಗಿದ್ದುದರಿಂದ, ತಪ್ಪಿಸಿಕೊಂಡ ರಾಸುಗಳ ವಿಷಯದಲ್ಲಿ ವೈದ್ಯರನ್ನು ವಿಚಾರಿಸತಕ್ಕದ್ದು.

ಸುಗ್ಗಿಯಾದ ಮೇಲೆ ದನಗಳ ಜಾತ್ರೆಗಳು ಮೊದಲಾಗುತ್ತವೆ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಮುಂತಾದ ಜಾತ್ರೆಗಳಲ್ಲಿ ಸಾವಿರಾರು ರಾಸುಗಳು ಒಂದೇ ಬಯಲಿನಲ್ಲಿ ಸೇರುವುದರಿಂದ ಒಂದರ ರೋಗವು ನೂರಕ್ಕೆ ಹರಡುತ್ತದೆ. 2022ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ಅನೇಕ ಕಡೆಗಳಲ್ಲಿ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಮಾರಾಟಕ್ಕೆ ಕೊಂಡೊಯ್ಯುವ ಹೋರಿಗಳಿಗೆ ಜಾತ್ರೆಗೆ ಒಂದು ತಿಂಗಳು ಮುಂಚಿತವಾಗಿಯೇ ಲಸಿಕೆಯಾಗಿರಬೇಕು. ಅಲ್ಲಿಂದ ಕೊಂಡುತಂದ ರಾಸನ್ನು ಮೂರು ವಾರ ಬೇರೆ ಕಟ್ಟಿ, ಬೇರೆ ಪಾತ್ರೆಯಲ್ಲಿ ನೀರು ಕುಡಿಸಿ, ಕೊನೆಯಲ್ಲಿ ಅದನ್ನು ನೋಡಿಕೊಂಡು ಕೈಕಾಲುಗಳನ್ನು ತೊಳೆದುಕೊಳ್ಳಬೇಕು.

ಕೊಟ್ಟಿಗೆ ಮತ್ತು ತಿಪ್ಪೆ:— ಮಳೆಗಾಲದಲ್ಲಿ ಕೆಸರಾದ ಕೊಟ್ಟಿಗೆಯ ನೆಲವನ್ನು ಅಗೆದು ತೆಗೆದು ಹೊಸ ಮಣ್ಣನ್ನು ಹಾಕಿ ಗಟ್ಟಿಮಾಡುವುದಕ್ಕೆ ಇದೇ ಸಮಯ. ಉಣ್ಣೆಗಳು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದರಿಂದ ದನದ ಮೈಮೇಲಿನ ಉಣ್ಣೆಯನ್ನು ಮಾತ್ರ ಕಿತ್ತರೆ ಫಲವಿಲ್ಲ. ಬಿರುಕುಗಳನ್ನು ಮುಚ್ಚಿ ಸುಣ್ಣವನ್ನು ಹೊಡೆಸಬೇಕು. ಅಗೆದು ತೆಗೆದ ಹಳೆಯ ಮಣ್ಣು ಗಂಜಳವನ್ನು ಕುಡಿದಿರುವುದರಿಂದ ತಿಪ್ಪೆಗೆ ಸೇರಬೇಕಾದ ವಸ್ತುವಾಗಿದೆ. ದನದಿಂದ ಹೊರಬೀಳುವ ಸಾರಜನಕದಲ್ಲಿ ಬಹುಭಾಗವು ಗಂಜಳದಲ್ಲಿರುತ್ತದೆ. ಸಗಣಿಯನ್ನು ಜೋಪಾನಮಾಡಿ ಗಂಜಳವನ್ನು ಚರಂಡಿಗೆ ಹರಿಯಿಸುವವನು ಬೆಣ್ಣೆಯನ್ನು ಚೆಲ್ಲಿ ಮಜ್ಜಿಗೆಯನ್ನು ಉಳಿಸಿಕೊಂಡಂತೆ. ಉಳಿದ ಸದೆ, ತರಗು, ಹುಲ್ಲಿನ ಕೂಳುಗಳನ್ನು ದನಗಳ ಕೆಳಗೆ ಹಾಸಿ, ಬೆಳಗಾಗುತ್ತಲೇ ಗುಂಡಿಗೆ ಹಾಕಿ ತೆಳ್ಳಗೆ ಮಣ್ಣನ್ನು ಮುಚ್ಚುತ್ತ ಬಂದಲ್ಲಿ ಮುಂಗಾರಿಗೆ ಒಳ್ಳೆಯ ಗೊಬ್ಬರವು ಸಿದ್ಧವಾಗುವುದು.

ಬೆದೆ, ಕರು ಮತ್ತು ಹೋರಿ:— ಹಸುರು ಮೇಯ್ದ ಹಸುಗಳು ಈ ಕಾಲದಲ್ಲಿ ಬೆದೆಗೆ ಬರುತ್ತವೆ. ಗಬ್ಬದ ಕಾಲವು ಸುಮಾರು ಒಂಬತ್ತು ತಿಂಗಳು ಹತ್ತು ದಿನಗಳಾದುದರಿಂದ, ಕಾರ್ತಿಕದಲ್ಲಿ ಗಬ್ಬವಾದ ಹಸುವು ಶ್ರಾವಣದ ಸುಮಾರಿನಲ್ಲಿ ಈಯುವುದು. ಆಗ ಹಸಿಹುಲ್ಲು ಸಮೃದ್ಧಿಯಾಗಿರುವುದರಿಂದ ತಾಯಿಗೂ ಕರುವಿಗೂ ಕ್ಷೇಮ. ಬೆಳಗ್ಗೆ ಬೆದೆ ಕಂಡರೆ ಸಂಜೆಯೂ, ಸಂಜೆ ಕಂಡರೆ ಮರುದಿನ ಬೆಳಗ್ಗೆಯೂ ಕೊಡಿಸತಕ್ಕದ್ದು. ತಪ್ಪಿದರೆ ಮತ್ತೆ 21 ದಿನಗಳು ಕಾಯಬೇಕಾಗುತ್ತದೆ. ಹಳ್ಳಿಕಾರ್, ಅಮೃತಮಹಲ್ ತಳಿಗಳುಳ್ಳ ಸೀಮೆಗಳಲ್ಲಿ ಬೀದಿಯ ಹೋರಿಯಿಂದ ತಳಿಯನ್ನು ಕೆಡಿಸಿಕೊಳ್ಳದೆ, ಗ್ರಾಮಕ್ಕೊಂದು ಆರಿಸಿದ ಹೋರಿಯನ್ನು ಸಾಕುವುದು ಮುಖಂಡರ ಕರ್ತವ್ಯವಾಗಿರುತ್ತದೆ. ಉಳುಮೆಗೆ ಬಿಡುವ ಹೋರಿಗಳ ಬೀಜವೊಡೆಸುವುದಕ್ಕೆ ಮಳೆಯಡಗಿ ನೊಣಗಳು ಕಡಮೆಯಾದ ಈ ಚಳಿಯ ದಿನಗಳೇ ತಕ್ಕವು. ನಾಟಿ ವಿಧಾನದಿಂದ ಕಲ್ಲಿನಲ್ಲಿ ಜಜ್ಜಿಸಿ ಹಿಂಸಿಸದೆ, ಪಶುವೈದ್ಯಶಾಲೆಯಲ್ಲಿ ಇಕ್ಕುಳದಿಂದ ಮಾಡಿಸಬೇಕು. ಸುಗ್ಗಿಯ ಗಾಡಿಯ ಕೆಲಸಕ್ಕೆ ಮೊದಲು ಎತ್ತುಗಳಿಗೆ ಲಾಳ ಕಟ್ಟಿಸುವುದನ್ನು ಮರೆಯಬಾರದು.

ಹಬ್ಬದ ದಿನಗಳು:— ಬಲಿಪಾಡ್ಯಮಿಯ ಗೋಪೂಜೆಯೂ, ಹಟ್ಟಿಹಬ್ಬವೂ, ಸೀಗೆ ಹುಣ್ಣಿಮೆಯೂ ಈ ಕಾಲದಲ್ಲಿಯೇ ಬರುತ್ತವೆ. ದನಗಳ ಮೈತೊಳೆದು, ಕೊಂಬುಗಳನ್ನು ಸವರಿ, ಹೂಮಾಲೆಗಳನ್ನು ಹಾಕುವ ಈ ಆಚಾರವು ಅತ್ಯಂತ ಮಾನ್ಯವಾದುದು. ಮೈತೊಳೆಯುವಾಗಲೇ ಗಾಯ, ಗಂಟು, ಗೊರಸಿನ ಬಿರುಕು, ಹೆಗಲಿನ ಬಾವುಗಳನ್ನು ನೋಡಿಕೊಂಡಲ್ಲಿ ಪೂಜೆಯೊಡನೆ ಪರೀಕ್ಷೆಯೂ ಆಗುವುದು. ಆದರೆ ಭಕ್ತಿಯಿಂದ ಅನ್ನ, ಪಾಯಸ, ಹೋಳಿಗೆಗಳನ್ನು ಮಿತಿಯಿಲ್ಲದೆ ತಿನ್ನಿಸಬಾರದು. ನಾರಿಲ್ಲದ ಈ ಆಹಾರವು ದನದ ದೊಡ್ಡ ಹೊಟ್ಟೆಯಲ್ಲಿ ಬೇಗ ಹುಳಿತು, ಮೆಲುಕು ನಿಂತು, ಎರಡು ಮೂರು ದಿನಗಳಲ್ಲಿ ಪ್ರಾಣಕ್ಕೇ ಅಪಾಯ ಬರುವುದು. ಒಂದು ಹಿಡಿ ನೈವೇದ್ಯವನ್ನು ಕೊಟ್ಟು, ಉಳಿದುದಕ್ಕೆ ಒಂದು ಹೊರೆ ಒಳ್ಳೆಯ ಹುಲ್ಲನ್ನು ಹಾಕಿದರೆ ಗೋವಿಗೆ ಅದೇ ಹಬ್ಬದೂಟ. ಕೊಂಬುಗಳಿಗೆ ಅರಿಸಿನ ಕೆಮ್ಮಣ್ಣುಗಳನ್ನೇ ಬಳಿಯುವುದು ಲೇಸು. ಎಣ್ಣೆಬಣ್ಣಗಳಲ್ಲಿ ಕೆಲವಕ್ಕೆ ಸೀಸವು ಸೇರಿರುವುದರಿಂದ, ನೆಕ್ಕುವ ಕರುಗಳಿಗೆ ವಿಷವಾಗಬಹುದು.

ಮುಖಂಡರಿಗೆ ವಿಜ್ಞಾಪನೆ:— ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚು ಹಣದಿಂದ ಆಗತಕ್ಕವು ಕೆಲವೇ. ಹೊತ್ತನ್ನರಿತು ಮಾಡಬೇಕಾದುವೇ ಬಹಳ. ಗ್ರಾಮದ ಮುಖಂಡರು ದೀಪಾವಳಿಗೆ ಮೊದಲು ಒಂದು ದಿನ ಗ್ರಾಮಸ್ಥರನ್ನು ಸೇರಿಸಿ ಮೂರು ವಿಷಯಗಳನ್ನು ಗೊತ್ತುಮಾಡಬಹುದು. ಒಂದು, ಮನೆಮನೆಯ ರಾಸುಗಳ ಸಂಖ್ಯೆಯನ್ನೂ ನಿರೀಕ್ಷಿಸಿದ ಹುಲ್ಲಿನ ಪ್ರಮಾಣವನ್ನೂ ಬರೆದಿಡುವುದು. ಎರಡು, ಲಸಿಕೆಯ ದಿನ ಒಂದು ರಾಸೂ ಮೇವಿಗೆ ಹೊರಟುಹೋಗದಂತೆ ನೋಡಿಕೊಳ್ಳುವುದು. ಮೂರು, ಗೋಮಾಳದಲ್ಲಿ ಕಾದಿರಿಸಬೇಕಾದ ಭಾಗವನ್ನು ಗುರುತಿಸುವುದು. ಹುಲ್ಲು ಮಿಗುವ ಜಮೀನುದಾರರು ಅದನ್ನು ಹೊರಗಿನವರಿಗೆ ಮಾರುವುದಕ್ಕೆ ಮೊದಲು, ಕೊರತೆಯುಳ್ಳ ತಮ್ಮ ಊರಿನ ಬಡರೈತರಿಗೆ ಸುಗ್ಗಿಯ ಬೆಲೆಯಲ್ಲಿಯೇ ಕೊಟ್ಟರೆ, ಬೇಸಗೆಯಲ್ಲಿ ಆ ಊರಿನ ಎತ್ತುಗಳು ಊರಿನಲ್ಲಿಯೇ ಉಳಿಯುವುವು. ಒಂದು ಮನೆಯ ಎತ್ತು ಬಿದ್ದರೆ ಅದರ ಹೊಲವು ಹದತಪ್ಪುವುದಲ್ಲದೆ, ನೆರೆಯವನ ಉಳುಮೆಯೂ ಮುಯ್ಯಾಳಿಲ್ಲದೆ ನಿಲ್ಲುತ್ತದೆ. ಆದುದರಿಂದ ಮುಂದಾಳುಗಳು ಈ ಕೆಲಸಗಳನ್ನು ಮೊದಲು ತಮ್ಮ ಕೊಟ್ಟಿಗೆಗಳಲ್ಲಿ ನಡೆಯಿಸಿ, ಅನಂತರ ಇತರರಿಗೆ ತಿಳಿಯಹೇಳಿದಲ್ಲಿ, ಮುಂದಿನ ಮುಂಗಾರಿನ ಮೊದಲ ಹದಕ್ಕೆ ಊರಿನ ಎತ್ತುಗಳೆಲ್ಲವೂ ಬಲವಾಗಿ ನೊಗಕ್ಕೆ ಹೆಗಲು ಕೊಡುವುವೆಂದು ನಂಬಲಾಗಿದೆ.